ತೇಗದ ಹಲಗೆ ಮಾರಿ ಕಾಗದದ ನೆಲ ಕೊಳ್ಳುವುದೇ?

ಬೆಳೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮನೆಗೆ ಕೈಹಚ್ಚುವುದು ನಮ್ಮ ಬೆಳೆಗಾರರ ಹಳೆಯ ರೂಢಿ. ಕಾಫಿಗೆ 2024 ಮತ್ತು 2025ರಲ್ಲಿ ದೊರೆತ ಧಾರಣೆಯ ಬಲದಿಂದ ಅನೇಕರು ಮನೆಯ ದುರಸ್ತಿಗೆ ತೊಡಗಿದ್ದಾರೆ. ಇದು ಸಂತೋಷದ ವಿಷಯವೇ ಸರಿ. ಆದರೆ ದುರಸ್ತಿಯ ಹೆಸರಿನಲ್ಲಿ ಅಟ್ಟದ, ಮಹಡಿಯ ಹಳೆಯ ಹಲಗೆಗಳನ್ನು ಕಿತ್ತು ಹಳೇಮರದ ವ್ಯಾಪಾರಿಗೆ ಕೊಟ್ಟು, ಆ ಹಣಕ್ಕೆ ಇನ್ನಷ್ಟು ಸೇರಿಸಿ ಪಟ್ಟಣದಿಂದ ‘ಮರದ ನೆಲ’ ತರುವ ಪರಿಪಾಠವೂ ಬೆಳೆಯುತ್ತಿದೆ. ಇದು ನಷ್ಟದ ವ್ಯವಹಾರವೆಂದು ಸದಸ್ಯ ಬಂಧುಗಳಲ್ಲಿ ಸ್ಪಷ್ಟವಾಗಿಯೇ ಹೇಳಬೇಕಾಗಿದೆ.

ಕಡಿಮೆ ಬೆಲೆಗೆ ಮಾರುವ ಲ್ಯಾಮಿನೇಟ್ ನೆಲ ಎಂದರೇನು? ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ತೆಳು ಹಲಗೆ, ಅದರ ಮೇಲೆ ಮರದ ಚಿತ್ರ ಮುದ್ರಿಸಿದ ಕಾಗದ, ಅದಕ್ಕೊಂದು ಪಾರದರ್ಶಕ ಪದರ. ಸಂದಿಗೆ ನೀರಿಳಿದರೆ ಅಂಚು ಉಬ್ಬುತ್ತದೆ. ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಮೇಲ್ಪದರ ಸವೆದರೆ ಕಿತ್ತೆಸೆಯುವುದೊಂದೇ ದಾರಿ. ನಿಜವಾದ ಹಲಗೆಯಾದರೋ ಕೀಸುಳಿ ಹಾಕಿದರೆ ಹೊಸ ಮೈ ಪಡೆಯುತ್ತದೆ. ಎರಡು ತಲೆಮಾರು ಒಣಗಿದ ತೇಗವನ್ನು ಕೊಟ್ಟು ಕಾಗದ ತರುವುದು ಯಾವ ಜಾಣತನ?

ಸರಕು ಹಾಕಲು ಬೆಳಗಾವಿಯ ರವಿವಾರ ಪೇಟೆಗೆ ಹೋಗುವವರು ಅಲ್ಲಿನ ಹಳೆಯ ಅಂಗಡಿಮನೆಗಳನ್ನು ಒಮ್ಮೆ ತಲೆಯೆತ್ತಿ ನೋಡಬೇಕು. ಕೆಳಗೆ ವ್ಯಾಪಾರ, ಮೇಲೆ ದಪ್ಪ ತೊಲೆಗಳ ಮೇಲೆ ಹಾಸಿದ ಹಲಗೆಯ ಮಹಡಿ. ಇಂಥ ನೆಲ ಬಾಳುವುದಕ್ಕೆ ಮುಖ್ಯ ಕಾರಣ, ಅದರ ಅಡಿಯಲ್ಲೂ ಗಾಳಿಯಾಡುತ್ತದೆ.

ಮರವು ಗಾಳಿಯ ತೇವ ಹೀರಿ ಹಿಗ್ಗುತ್ತದೆ, ತೇವ ಬಿಟ್ಟು ಕುಗ್ಗುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿಯ ಮಳೆಗಾಲ ಬೇರೆ, ಬೆಳಗಾವಿಯ ಮೂಡಲ ಸೀಮೆಯ ಒಣಹವೆ ಬೇರೆ. ಭಾರತೀಯ ಮಾನಕ 287ರಲ್ಲಿ ದೇಶವನ್ನು ಹವೆಯ ತೇವಕ್ಕೆ ತಕ್ಕಂತೆ ನಾಲ್ಕು ವಲಯಗಳಾಗಿ ವಿಂಗಡಿಸಿ, ಯಾವ ಕೆಲಸದ ಮರದಲ್ಲಿ ಎಷ್ಟು ತೇವ ಇರಬಹುದೆಂದು ಹೇಳಿರುವುದು ಇದಕ್ಕಾಗಿಯೇ. ತೇವ ನೋಡದೆ ಕಾಫಿಯನ್ನು ಚೀಲಕ್ಕೆ ತುಂಬದ ಬೆಳೆಗಾರ, ಹಲಗೆ ಕೊಳ್ಳುವಾಗ ಮಾತ್ರ ಅದರ ತೇವ ವಿಚಾರಿಸದಿರುವುದು ಸೋಜಿಗ. ಒಂದು ಅಂಗುಲ ದಪ್ಪದ ಗಟ್ಟಿಮರದ ಹಲಗೆ ನೆರಳಿನಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕು. ನಡುನಡುವೆ ರೀಪು ಇಟ್ಟು ಅಟ್ಟಿ ಹಾಕಬೇಕು, ಬಿಸಿಲಿಗೆ ಒಡ್ಡಬಾರದು.

ಹೊಸದಾಗಿ ಹಾಸುವವರಿಗೆ ತೇಗವೇ ಮೊದಲ ಆಯ್ಕೆ. ಅದು ಕಡಿಮೆ ಹಿಗ್ಗುತ್ತದೆ, ಕಡಿಮೆ ಕುಗ್ಗುತ್ತದೆ. ಹೊನ್ನೆ, ಹೆಬ್ಬಲಸು ಸಹ ಒಳ್ಳೆಯವು. ಮತ್ತಿ, ಜಂಬೆ ಬಲು ಗಟ್ಟಿ, ಆದರೆ ಅವಸರದಲ್ಲಿ ಒಣಗಿಸಿದರೆ ಸೀಳುತ್ತವೆ. ಯಾವ ಮರವಾದರೂ ಚೇಗಿನ ಭಾಗವನ್ನೇ ಆರಿಸಬೇಕು. ಹೊರಗಿನ ಬಿಳಿಭಾಗ ಕುಟ್ಟೆ ಹುಳುವಿಗೆ ಆಹಾರ. ತೋಟದ ಸಿಲ್ವರ್ ಓಕ್ ಕಡಿಯಲು ಅನುಮತಿಯ ತೊಡಕಿಲ್ಲವೆಂದು ಅದನ್ನೇ ನೆಲಕ್ಕೆ ಹಾಸುವುದು ಬೇಡ. ಗೆದ್ದಲಿಗೆ ಅದು ಬೇಗ ತುತ್ತಾಗುತ್ತದೆ. ಉಳಿದ ಮರಗಳಿಗೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ. ಕಡಿಯುವ ಮೊದಲೂ ಸಾಗಿಸುವ ಮೊದಲೂ ಅರಣ್ಯ ಕಚೇರಿಯಲ್ಲಿ ವಿಚಾರಿಸಬೇಕು. ಹಳೆಯ ಮರ ಸಾಗಿಸುವವರೂ ವಿಚಾರಿಸುವುದು ಕ್ಷೇಮ.

ಹಾಸುವಾಗ ಗೋಡೆಯಂಚಿಗೆ ಅರ್ಧ ಅಂಗುಲ ಸಂದು ಬಿಟ್ಟರೆ ಮಳೆಗಾಲದಲ್ಲಿ ಹಲಗೆ ಹಿಗ್ಗಲು ಜಾಗವಿರುತ್ತದೆ. ಮಲೆನಾಡಿನಲ್ಲಿ ನೆಲಮಟ್ಟದ ಕೋಣೆಗೆ ಹಲಗೆ ಹಾಸುವ ಆಸೆ ಬಿಡುವುದೇ ಲೇಸು. ಕೆಳಗಿನಿಂದ ತೇವ, ಗೆದ್ದಲು ಎರಡೂ ಏರುತ್ತವೆ. ಅಲ್ಲಿಗೆ ಕಾವಿ ನೆಲವೋ ಸುಟ್ಟ ಮಣ್ಣಿನ ಬಿಲ್ಲೆಯೋ ಸಾಕು.

ಆರೈಕೆಗೆ ಹೆಚ್ಚು ಖರ್ಚಿಲ್ಲ. ಮರಳು, ಮಣ್ಣು ಕಾಲಿನಡಿ ಸಿಕ್ಕು ಹಲಗೆಯನ್ನು ಉಜ್ಜುವುದರಿಂದ ದಿನವೂ ಗುಡಿಸಬೇಕು. ನೀರು ಸುರಿದು ತೊಳೆಯಬಾರದು; ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಹಂಚು ಸೋರುವುದನ್ನು ಮೇ ತಿಂಗಳೊಳಗೆ ಸರಿಪಡಿಸಬೇಕು. ಬಣ್ಣ, ವಾರ್ನಿಷ್ ಇಲ್ಲದ ನೆಲಕ್ಕೆ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬೇಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಉಳಿದದ್ದನ್ನು ಒರೆಸಿ ತೆಗೆಯಬೇಕು. ಎಣ್ಣೆ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಕಾವೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ. ತೊಲೆಗೆ ಗೇರುಸಿಪ್ಪೆಯ ಎಣ್ಣೆ ಬಳಿಯುವ ಹಳೆಯ ಕ್ರಮ ಒಳ್ಳೆಯದೇ. ಆದರೆ ಮೈಗೆ ತಾಗಿದರೆ ಬೊಬ್ಬೆ ಏಳುವುದರಿಂದ ಕಾಲಿಡುವ ಹಲಗೆಗೆ ಅದು ಸಲ್ಲದು.

ಕಡೆಯದಾಗಿ ಒಂದು ಸಲಹೆ. ಹಳೆಯ ಹಲಗೆ ಬೇಡವಾದ ಸದಸ್ಯರ ಹೆಸರನ್ನೂ ಬೇಕಾದವರ ಹೆಸರನ್ನೂ ಸಂಘದ ಕಚೇರಿಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಲಿ. ವ್ಯಾಪಾರಿ ಹೇಳಿದ ಬೆಲೆಗೆ ಒಪ್ಪುವ ಮೊದಲು ಅನುಭವಿ ಬಡಗಿಯೊಬ್ಬರಿಗೆ ತೋರಿಸಿ, ಒಳ್ಳೆಯ ಹಲಗೆ ಎಷ್ಟು ಅಡಿ ಇದೆಯೆಂದು ಅಳೆಸಿ. ಮಾರಲೇಬೇಕಾದರೆ ಅದು ಇನ್ನೊಬ್ಬ ಬೆಳೆಗಾರನ ಮಹಡಿ ಸೇರಲಿ. ಅಡಿಕೆಯ ಬೆಲೆ ನಾವೇ ಕೂಡಿ ನಿಲ್ಲಿಸಲು ಸಂಘ ಕಟ್ಟಿದವರಿಗೆ, ಅಜ್ಜಂದಿರು ಹಾಸಿದ ಹಲಗೆಯ ಬೆಲೆ ಉಳಿಸುವುದು ಕಷ್ಟವಾಗಲಾರದು.