ಪಕ್ಕೆಲುಬು ಮುರಿದರೆ ಪಟ್ಟಿ ಬೇಡ

ಜೈನಾಪುರದಂಥ ಒಕ್ಕಲುತನದ ಊರಿನಲ್ಲಿ ಚಕ್ಕಡಿಯಿಂದಲೋ ಟ್ರ್ಯಾಕ್ಟರಿನಿಂದಲೋ ಬಿದ್ದು ಪಕ್ಕೆಗೆ ಪೆಟ್ಟಾದರೆ, ಮನೆಯ ಹಿರಿಯರು ಮೊದಲು ಹುಡುಕುವುದು ಎದೆಗೆ ಬಿಗಿಯಲು ಉದ್ದನೆಯ ಬಟ್ಟೆಯನ್ನು. ಹಿಂದೆ ವೈದ್ಯರೂ ಅಂಟುಪಟ್ಟಿ ಸುತ್ತುತ್ತಿದ್ದರು. ಈಗ ಸುತ್ತುವುದಿಲ್ಲ. ಏಕೆ?

ಉತ್ತರ ಎದೆಗೂಡಿನ ರಚನೆಯಲ್ಲಿದೆ. ಮನುಷ್ಯನಿಗೆ 12 ಜೊತೆ ಪಕ್ಕೆಲುಬುಗಳು. ಮೇಲಿನ 7 ಜೊತೆ ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಯ ಮೂಳೆಗೆ ಸೇರುತ್ತವೆ. ಮುಂದಿನ 3 ಜೊತೆ ತಮ್ಮ ಮೇಲಿನದರ ಮೃದ್ವಸ್ಥಿಗೆ ಅಂಟಿಕೊಂಡಿರುತ್ತವೆ. ಕೊನೆಯ 2 ಜೊತೆಗೆ ಮುಂದೆ ಆಸರೆಯೇ ಇಲ್ಲ. ಉಸಿರೆಳೆದಾಗ ಪಕ್ಕೆಲುಬುಗಳು ಬಕೆಟ್ಟಿನ ಹಿಡಿಕೆಯಂತೆ ಮೇಲೇಳುತ್ತವೆ. ಪಟ್ಟಿ ಬಿಗಿದರೆ ಈ ಏರಿಳಿತಕ್ಕೇ ತಡೆ. ನೋವಿಗೆ ಅಂಜಿ ರೋಗಿ ಕೆಮ್ಮುವುದೂ ಇಲ್ಲ. ಕಫ ಒಳಗೇ ನಿಂತು ನ್ಯುಮೋನಿಯಾ ಆಗಬಹುದು. ಆದ್ದರಿಂದ ನೋವು ಇಳಿಸಿ, ಆಳವಾಗಿ ಉಸಿರಾಡಿಸುವುದೇ ಚಿಕಿತ್ಸೆ. ಸಾಮಾನ್ಯ ಮುರಿತ ಸುಮಾರು 6 ವಾರಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ.

ನಿಜವಾದ ಭಯ ಮೂಳೆಯದಲ್ಲ, ಅದರ ಹಿಂದಿರುವುದರದು. ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿ ಎಡಕ್ಕೆ ಗುಲ್ಮ, ಬಲಕ್ಕೆ ಯಕೃತ್ತು ಇವೆ. ಮುರಿದ ತುದಿ ಶ್ವಾಸಕೋಶಕ್ಕೆ ಚುಚ್ಚಿದರೆ ಗಾಳಿ ಸೋರಿ ಅದು ಕುಗ್ಗುತ್ತದೆ.

ಪಾಲಕರಿಗೆ ಇನ್ನೊಂದು ಮಾತು. ಮಕ್ಕಳ ಪಕ್ಕೆಲುಬು ಹಸಿ ಕಡ್ಡಿಯಂತೆ ಬಾಗುತ್ತದೆ. ಅದು ಮುರಿಯದೆಯೂ ಒಳಗೆ ಶ್ವಾಸಕೋಶ ಜಜ್ಜಿರಬಹುದು. ಎಕ್ಸ್‌ರೇಯಲ್ಲಿ ಮುರಿತ ಕಾಣಲಿಲ್ಲವೆಂದು ನಿಶ್ಚಿಂತೆ ಬೇಡ. ಏದುಸಿರು, ನೀಲಿಗಟ್ಟಿದ ತುಟಿ, ಕಫದಲ್ಲಿ ರಕ್ತ, ಹೊಟ್ಟೆನೋವು, ತಣ್ಣನೆಯ ಬೆವರು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಜಿಲ್ಲಾ ಆಸ್ಪತ್ರೆಯೂ, 1986ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜಿನ ದವಾಖಾನೆಯೂ ವಿಜಯಪುರದಲ್ಲೇ ಇವೆ.