ಅಜ್ಜಿ-ತಾತಂದಿರಿಗೂ ಈಜುಕೊಳದಲ್ಲಿ ಒಂದು ಬ್ಯಾಚ್ ಬೇಕು

ಯಾವುದಾದ್ರೂ ಈಜುಕೊಳದ ಗೇಟ್ ಹತ್ರ ನಿಂತು ಟೈಮಿಂಗ್ಸ್ ಬೋರ್ಡ್ ಓದಿ ನೋಡಿ. ಬೆಳಿಗ್ಗೆ ಕೋಚಿಂಗ್, ಸಂಜೆ ಮಕ್ಕಳ ಬ್ಯಾಚ್, ಬೇಸಿಗೆ ಬಂದ್ರೆ ಸಮ್ಮರ್ ಕ್ಯಾಂಪ್. ವಯಸ್ಸಾದವರಿಗೆ ಅಂತ ಒಂದು ಗಂಟೆ ಬರೆದಿರೋದು ತುಂಬಾ ಅಪರೂಪ. ನನ್ನ ಪ್ರಕಾರ ಆ ನೀರು ಎಲ್ಲರಿಗಿಂತ ಜಾಸ್ತಿ ಬೇಕಾಗಿರೋದು ಅವರಿಗೇ. ಈಜೋದಕ್ಕಲ್ಲ, ನಡೆಯೋದಕ್ಕೆ.

ಮಂಡಿ ಸವೆದವರ ಕಷ್ಟ ನಿಮ್ಮ ಮನೇಲೂ ನೋಡಿರ್ತೀರಿ. ಡಾಕ್ಟರ್ ಹತ್ರ ಹೋದ್ರೆ "ದಿನಾ ನಡೀರಿ" ಅಂತಾರೆ. ನಡೆದ್ರೆ ನೋವು. ನಡೆಯದೆ ಕೂತ್ರೆ ತೂಕ ಏರತ್ತೆ, ತೊಡೆಯ ಶಕ್ತಿ ಇಳಿಯತ್ತೆ, ಆಮೇಲೆ ಇನ್ನೂ ನೋವು. ನಮ್ಮ ಅಜ್ಜಿ ಫುಟ್‌ಪಾತ್‌ನಲ್ಲಿ ಎಲ್ಲಿ ಬೀಳ್ತೀನೋ ಅನ್ನೋ ಭಯಕ್ಕೇ ವಾಕಿಂಗ್ ಬಿಟ್ಟರು. ಈಗ ಅವರ ವಾಕಿಂಗ್ ಅಂದ್ರೆ ಅಡುಗೆಮನೆಯಿಂದ ಟಿವಿವರೆಗೆ.

ನೀರಿಗಿಳಿದ್ರೆ ಲೆಕ್ಕ ಬದಲಾಗತ್ತೆ. ಆರ್ಕಿಮಿಡೀಸ್ ತತ್ವ ನಾವು ಪರೀಕ್ಷೆಗೆ ಬರೆದು ಮರೆತಿದ್ದೀವಿ ಅಷ್ಟೇ. ಸೊಂಟದವರೆಗೆ ನೀರಿದ್ರೆ ಕಾಲಿನ ಮೇಲೆ ಬೀಳೋದು ದೇಹದ ತೂಕದ ಸುಮಾರು ಅರ್ಧ. ಎದೆಯವರೆಗೆ ಇದ್ರೆ ಸುಮಾರು ಮೂರನೇ ಒಂದು ಭಾಗ. 60 ಕೆ.ಜಿ. ತೂಕದ ಅಜ್ಜಿ 20 ಕೆ.ಜಿ.ಯ ಮಗು ಥರ ಹೆಜ್ಜೆ ಹಾಕಬಹುದು. ಹಾಗಂತ ವ್ಯಾಯಾಮ ಕಮ್ಮಿ ಆಗಲ್ಲ. ನೀರು ಒಡ್ಡೋ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ: ಕೈ ಎರಡು ಪಟ್ಟು ಜೋರಾಗಿ ಬೀಸಿದ್ರೆ ನಾಲ್ಕು ಪಟ್ಟು ತಡೆ. ಸುಸ್ತಾಗಿ ನಿಲ್ಲಿಸಿದ್ರೆ ತಡೆಯೂ ನಿಲ್ಲತ್ತೆ, ಡಂಬೆಲ್ ಥರ ಕಾಲ ಮೇಲೆ ಬೀಳಲ್ಲ. ಜೋಲಿ ಹೊಡೆದ್ರೂ ನೀರು ನಿಧಾನಕ್ಕೆ ಬೀಳಿಸತ್ತೆ, ಸಾವರಿಸಿಕೊಳ್ಳೋಕೆ ಟೈಮ್ ಸಿಗತ್ತೆ.

ಮಂಡಿ, ಸೊಂಟದ ಕೀಲು ಸವೆದವರ ಮೇಲೆ ನಡೆದ 13 ಪ್ರಯೋಗಗಳನ್ನ ಒಟ್ಟಿಗಿಟ್ಟು ನೋಡಿದ 2016ರ ಕಾಕ್ರೇನ್ ವಿಮರ್ಶೆ ಪ್ರಕಾರ, ನೀರಿನ ವ್ಯಾಯಾಮದಿಂದ ನೋವು ಸ್ವಲ್ಪ ಮಟ್ಟಿಗೆ, ಸ್ವಲ್ಪ ಕಾಲ ಕಮ್ಮಿ ಆಗತ್ತೆ. ಪವಾಡ ಏನಲ್ಲ. ಆದ್ರೆ ನಿಂತೇ ಹೋದ ವಾಕಿಂಗ್ ಮತ್ತೆ ಶುರು ಮಾಡೋಕೆ ಅಷ್ಟು ಸಾಕು. ಜಪಾನಿನ ಎಷ್ಟೋ ಸಾರ್ವಜನಿಕ ಈಜುಕೊಳಗಳಲ್ಲಿ ನಡೆಯೋರಿಗೇ ಅಂತ ಒಂದು ಲೇನ್ ಬಿಟ್ಟಿರ್ತಾರೆ.

ಇಲ್ಲಿ ಅಡ್ಡಿ ಏನು? ಮೊದಲನೇದು ಏಣಿ. ನೆಟ್ಟಗೆ ನಿಂತಿರೋ ಆ ಕಬ್ಬಿಣದ ಏಣಿ ಇಳಿಯೋಕೆ ಆಗೋ ಮಂಡಿಗೆ ಈಜುಕೊಳದ ಅಗತ್ಯವೇ ಇರಲ್ಲ! ಎರಡನೇದು ಬಟ್ಟೆ. ಜನ್ಮವಿಡೀ ಸೀರೆ ಉಟ್ಟವರಿಗೆ ಸ್ವಿಮ್ಮಿಂಗ್ ಕಾಸ್ಟ್ಯೂಮ್ ಕಡ್ಡಾಯ ಅಂದ್ರೆ ಬರಬೇಡಿ ಅಂದ ಹಾಗೇ. ನೈಲಾನ್‌ನ ತುಂಬುತೋಳಿನ ಟಾಪ್, ಲೆಗ್ಗಿಂಗ್ಸ್ ಹಾಕೋಕೆ ಬಿಟ್ರೆ ಏನು ನಷ್ಟ? ಮೂರನೇದು ಚಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಒಯ್ಯತ್ತೆ, ನಿಧಾನಕ್ಕೆ ನಡೆಯೋರು ಬೇಗ ನಡುಗ್ತಾರೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೆಳಗಿನ ಆರು ಗಂಟೆ ಅವರಿಗಲ್ಲ. ಬಿಸಿಲು ಏರಿದ ಹನ್ನೊಂದು ಗಂಟೆಗೆ ಮಕ್ಕಳು ಸ್ಕೂಲಲ್ಲಿ, ದೊಡ್ಡವರು ಆಫೀಸಲ್ಲಿ ಇರ್ತಾರಲ್ಲ, ಆ ಒಂದು ಗಂಟೆ ಕೊಡಿ.

ಎಚ್ಚರಿಕೆನೂ ಬೇಕು. ನೀರಿನ ಒತ್ತಡ ಕಾಲಿನ ರಕ್ತವನ್ನ ಹೃದಯದ ಕಡೆ ತಳ್ಳತ್ತೆ, ಹಾಗಾಗಿ ಹೃದಯದ ತೊಂದರೆ ಇರೋರು ಡಾಕ್ಟರನ್ನ ಕೇಳಿಯೇ ಇಳೀಬೇಕು. ಹೊರಗೆ ಬಂದ ತಕ್ಷಣ ತಲೆ ಸುತ್ತಬಹುದು. ಲೈಫ್‌ಗಾರ್ಡ್ ಇಲ್ಲದೆ ಯಾರೂ ಇಳಿಯೋ ಹಾಗಿಲ್ಲ. ಮೂಳೆ ಗಟ್ಟಿಯಾಗೋಕೆ ನೆಲದ ಮೇಲಿನ ವ್ಯಾಯಾಮವೂ ಇರಲೇಬೇಕು.

ಕೊನೇ ಮಾತು ನಮಗೇ. 1:12 ಇಳಿಜಾರಿನ ರ‍್ಯಾಂಪ್ ಹಾಕಿದ್ರೆ 1.2 ಮೀಟರ್ ಆಳಕ್ಕೆ 14.4 ಮೀಟರ್ ಉದ್ದ ಬೇಕು. ಹಳೇ ಈಜುಕೊಳಗಳಲ್ಲಿ ಅಷ್ಟು ಜಾಗ ಎಲ್ಲಿ? ಅದರ ಬದಲು ಬೇಕಾದಾಗ ಇಳಿಸಿ, ಬೇಡವಾದಾಗ ಎತ್ತಿಡೋ ಅಗಲವಾದ ಮೆಟ್ಟಿಲು, ಎರಡೂ ಕಡೆ ಹಿಡಿಕೆ, ತುಕ್ಕು ಹಿಡೀದ ಲೋಹ, ಜಾರದ ಮೇಲ್ಮೈ. ಮೆಕ್ಯಾನಿಕಲ್, ಸಿವಿಲ್‌ನವರೇ, ಇನ್ನೊಂದು ಅಟೆಂಡೆನ್ಸ್ ಆ್ಯಪ್ ಮಾಡೋ ಬದಲು ಇದನ್ನ ಮುಂದಿನ ಪ್ರಾಜೆಕ್ಟ್ ಮಾಡಿಕೊಳ್ಳೋಣವಾ? ಟೆಸ್ಟಿಂಗ್‌ಗೆ ನಮ್ಮ ಅಜ್ಜಿಯನ್ನ ಒಪ್ಪಿಸೋ ಜವಾಬ್ದಾರಿ ನನ್ನದು.