ಕಾಣಿಕೆ ಕೊಟ್ಟ ಕೈಗೆ ಲೆಕ್ಕ



ರಾಮಸಮುದ್ರದಂಥ ಊರಿನಲ್ಲಿ ತೊಗರಿಯ ರಾಶಿ ಮುಗಿದ ಮೇಲೆ ರೈತನು ಮಠದ ಪಾಲನ್ನು ಎತ್ತಿಡುತ್ತಾನೆ. ಆ ಚೀಲ ಉಗ್ರಾಣ ಸೇರುವುದನ್ನೂ, ಬೇಳೆಯಾಗಿ ದಾಸೋಹದ ಒಲೆಯೇರುವುದನ್ನೂ ಅವನೇ ಕಾಣುತ್ತಾನೆ. ಜಾತ್ರೆಯ ದಿನ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನೆ. ಅಲ್ಲಿ ಊರ ಕಣ್ಣೇ ಲೆಕ್ಕಪರಿಶೋಧಕ. ಅದೇ ರೈತನ ಮಗ ಇಂದು ಬೆಂಗಳೂರಿನಲ್ಲಿ ಟಿವಿಯ ಪ್ರವಚನ ಕೇಳಿ, ಪರದೆಯ ಕೆಳಗೆ ತೋರಿಸುವ ಖಾತೆಗೆ ಮೊಬೈಲಿನಿಂದ ಹಣ ಕಳುಹಿಸುತ್ತಾನೆ. ಅದು ಅನ್ನವಾಯಿತೋ ಕಾರಾಯಿತೋ ಅವನಿಗೆ ಕಾಣದು. ಧರ್ಮಬೋಧಕರ ವೈಭೋಗ ಬೆಳೆಯುವುದು ಈ ಕಾಣದ ಜಾಗದಲ್ಲಿಯೇ.

ಅಮೆರಿಕದಲ್ಲಿ ಈ ಪ್ರಶ್ನೆ ಹಿಂದೆಯೇ ಎದ್ದಿತ್ತು. 2007ರ ನವೆಂಬರಿನಲ್ಲಿ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿಯವರು ಆರು ಟಿವಿ ಧರ್ಮಪ್ರಚಾರಕ ಸಂಸ್ಥೆಗಳಿಗೆ ಪತ್ರ ಬರೆದು ಖಾಸಗಿ ವಿಮಾನ, ಬಂಗಲೆ, ಸಂಬಳಗಳ ವಿವರ ಕೇಳಿದರು. ಅವರಲ್ಲೊಬ್ಬರಾದ ಬೆನ್ನಿ ಹಿನ್ 2005ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಭಾರಿ ಪ್ರಾರ್ಥನಾ ಸಭೆ ನಡೆಸಿದ್ದು ಹಲವರಿಗೆ ನೆನಪಿರಬಹುದು. 2011ರಲ್ಲಿ ವಿಚಾರಣೆ ಮುಗಿದಾಗ ಬೆನ್ನಿ ಹಿನ್ ಮತ್ತು ಜಾಯ್ಸ್ ಮೇಯರ್ ಅವರ ಸಂಸ್ಥೆಗಳು ಉತ್ತರ ಕೊಟ್ಟು ತಮ್ಮ ಕ್ರಮಗಳನ್ನು ತಿದ್ದಿಕೊಂಡಿದ್ದವು. ಉಳಿದ ನಾಲ್ಕು ಪೂರ್ಣ ಮಾಹಿತಿ ನೀಡಲಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ.

ಪರರ ಮನೆಯ ಕಸ ತೋರಿಸಿ ನಮ್ಮ ಅಂಗಳ ಶುದ್ಧವೆಂದು ಹೇಳಲಾಗದು. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಹಾಗೂ ಧರ್ಮಾದಾಯ ದತ್ತಿಗಳ ಅಧಿನಿಯಮವು ಮಠಗಳಿಗೆ ಅನ್ವಯಿಸುವುದಿಲ್ಲ. 2014ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮಠಗಳನ್ನೂ ಒಳತರುವ ತಿದ್ದುಪಡಿ ಮಸೂದೆ ಮಂಡನೆಯಾದಾಗ ವ್ಯಾಪಕ ವಿರೋಧ ಬಂದಿತು. ಸರ್ಕಾರ ಅದನ್ನು ಕೈಬಿಟ್ಟಿತು. ನಾವೂ ವಿರೋಧಿಸಿದವರೇ, ಮಠದ ಆಡಳಿತ ಅಧಿಕಾರಿಗಳ ಕೈಗೆ ಹೋಗಬಾರದೆಂಬುದು ಇಂದಿಗೂ ನಮ್ಮ ನಿಲುವು. ಆದರೆ ಸರ್ಕಾರಕ್ಕೆ ಲೆಕ್ಕ ಕೊಡೆವು ಎಂದ ನಾವು ಭಕ್ತರಿಗಾದರೂ ಕೊಟ್ಟೆವೇ? ತೆರಿಗೆ ವಿನಾಯಿತಿಗಾಗಿ ಪರಿಶೋಧಿತ ಲೆಕ್ಕ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ. ಕಾಣಿಕೆ ಕೊಟ್ಟವರ ಕಣ್ಣಿಗೆ ಬೀಳುವುದಿಲ್ಲ. ರಾಜ್ಯದ ಮುಂಗಡಪತ್ರಗಳಲ್ಲಿ ಮಠಗಳಿಗೆ ಅನುದಾನ ದೊರೆತಿದೆ. ಅದು ಮಠದ ಹೊಸ್ತಿಲು ತುಳಿಯದವರ ಹಣವೂ ಹೌದು.

ಗುರುವಿನ ಲೆಕ್ಕ ಕೇಳುವುದು ಗುರುದ್ರೋಹವೆಂದು ಕೆಲವರ ವಾದ. ಕಾರು ಭಕ್ತರೇ ಪ್ರೀತಿಯಿಂದ ಕೊಟ್ಟದ್ದೆಂದು ಇನ್ನು ಕೆಲವರು ಹೇಳುತ್ತಾರೆ. ಕೊಟ್ಟದ್ದು ನಿಜ, ಅದರ ಡೀಸೆಲ್ಲು, ಚಾಲಕನ ಸಂಬಳ ಯಾವ ನಿಧಿಯಿಂದ? ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಚಾಡಿ ಹುಟ್ಟಿದಾಗ ಅವರು ಲೆಕ್ಕ ಒಪ್ಪಿಸಿದರು, ಭಂಡಾರ ಕುಂದಿರಲಿಲ್ಲವೆಂದು ಶರಣ ಚರಿತೆಗಳು ಹೇಳುತ್ತವೆ. ಆಯ್ದಕ್ಕಿ ಮಾರಯ್ಯನವರು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ಲೆಕ್ಕ ಕೇಳುವುದು ನಮ್ಮಲ್ಲಿ ಭಕ್ತಿಯ ಭಾಗವೇ.

ದೋಷ ಟಿವಿಯದೆಂದೂ ಹೇಳಲಾಗದು. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳ ಪ್ರವಚನವನ್ನು ಲಕ್ಷಾಂತರ ಜನ ಪರದೆಯ ಮೇಲೂ ಕೇಳಿದರು. ಪೂಜ್ಯರು ತೊಟ್ಟ ಅಂಗಿಗೆ ಕಿಸೆಯಿರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಒಲ್ಲೆನೆಂದರು. 2023ರ ಜನವರಿ 2ರಂದು ಅವರು ನಮ್ಮನ್ನಗಲಿದಾಗ ಅವರ ಆಸ್ತಿ ಎಷ್ಟೆಂಬ ಪ್ರಶ್ನೆ ಯಾರಿಗೂ ಹುಟ್ಟಲಿಲ್ಲ.

ಎಲ್ಲರಿಂದ ಅಂಥ ವಿರಕ್ತಿ ಸಾಧ್ಯವಾಗದಿರಬಹುದು, ಲೆಕ್ಕವಂತೂ ಸಾಧ್ಯ. ಈ ತಾಣದಲ್ಲಿಯೂ ಕಾಣಿಕೆಯ ಖಾತೆ ಸಂಖ್ಯೆ ಇದೆ, ಖರ್ಚಿನ ಪಟ್ಟಿ ಇಲ್ಲ. ಇದು ಕಾರ್ಯದರ್ಶಿಗಳಾದ ನಮ್ಮ ಲೋಪ. ಶ್ರಾವಣ ಪ್ರವಚನದ ಮಂಗಲದಂದು ದಾಸೋಹ ಮಂಟಪದಲ್ಲಿ ವರ್ಷದ ಲೆಕ್ಕ ಓದುತ್ತೇವೆ: ಬಂದ ಹಣ, ಬಂದ ಧಾನ್ಯ, ಅನುದಾನ, ದಾಸೋಹ ಹಾಗೂ ಶಾಲೆಯ ವೆಚ್ಚ, ವಾಹನ ಮತ್ತು ಪ್ರಯಾಣದ ವೆಚ್ಚ. ಮರುದಿನವೇ ಅದು ಇಲ್ಲಿಯೂ ಪ್ರಕಟವಾಗುವುದು. ಒಂದು ಸೇರು ಜೋಳ ಕೊಟ್ಟವರೂ ಎದ್ದು ಪ್ರಶ್ನೆ ಕೇಳಬೇಕೆಂದು ವಿನಂತಿ. ಕೇಳಿದವರ ಮೇಲೆ ಮುನಿಸಿಲ್ಲ. ಕೇಳದೆ ಉಳಿದರೆ ಮಠಕ್ಕೇ ನಷ್ಟ.